ಹಳೆಯ ಗೂಢಲಿಪಿ ಲೈಬ್ರರಿ ಬಿಡಿಸುವ ಹೊಣೆ ಯಾರದು?

2018ರ ಏಪ್ರಿಲ್‌ನಲ್ಲಿ ಉಬುಂಟು 18.04 ಹೊರಬಂದ ಮೇಲೆ ಹಲವು ಬಳಕೆದಾರರು ವಿಚಿತ್ರ ತೊಡಕಿಗೆ ಸಿಲುಕಿದರು. ಹೊರಗಿನಿಂದ ತಂದ ಹಳೆಯ ತಂತ್ರಾಂಶ ಹಾಕಲು ಹೋದರೆ ಅದು 'ಲಿಬ್‌ಕರ್ಲ್3' ಬೇಕೆನ್ನುತ್ತಿತ್ತು. ಅದನ್ನು ಹಾಕಿದರೆ ಆಗಲೇ ಇದ್ದ 'ಲಿಬ್‌ಕರ್ಲ್4' ಹೋಗುತ್ತಿತ್ತು. ಅದನ್ನೇ ನಂಬಿದ್ದ ಬೇರೆ ತಂತ್ರಾಂಶಗಳೂ ಜೊತೆಗೇ ಹೋಗುತ್ತಿದ್ದವು. ಎರಡನ್ನೂ ಒಂದೇ ಗಣಕದಲ್ಲಿ ಇಡುವಂತಿರಲಿಲ್ಲ.

ಲಿಬ್‌ಕರ್ಲ್ ಎಂದರೆ ಅಂತರ್ಜಾಲದಿಂದ ಕಡತ ತರುವ ಸಿದ್ಧ ಕೋಡ್, ಅಂದರೆ ಲೈಬ್ರರಿ. ಆದರೆ ಜಗಳದ ಮೂಲ ಅದಲ್ಲ, ಅದರ ಕೆಳಗಿರುವ ಓಪನ್‌ಎಸ್‌ಎಸ್‌ಎಲ್. ಪಾಸ್‌ವರ್ಡ್, ಬ್ಯಾಂಕ್ ವ್ಯವಹಾರದಂಥ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ ಈ ಮುಕ್ತ ತಂತ್ರಾಂಶ ಲೋಕದ ಅಸಂಖ್ಯ ಸರ್ವರ್‌ಗಳಲ್ಲಿದೆ.

2014ರ ಏಪ್ರಿಲ್‌ನಲ್ಲಿ ಬಯಲಾದ 'ಹಾರ್ಟ್‌ಬ್ಲೀಡ್' ದೋಷ ಇದರ ದುಃಸ್ಥಿತಿಯನ್ನು ತೋರಿಸಿಕೊಟ್ಟಿತು. ಸರ್ವರ್‌ನ ನೆನಪಿನಿಂದ ಒಮ್ಮೆಗೆ 64 ಕಿಲೋಬೈಟ್‌ವರೆಗೆ ಯಾರು ಬೇಕಾದರೂ ಓದಬಹುದಿತ್ತು. ಆಮೇಲೆ ಯೋಜನೆ ಮನೆ ರಿಪೇರಿಗೆ ಇಳಿಯಿತು. 2016ರ ಆಗಸ್ಟ್‌ನ 1.1.0 ಆವೃತ್ತಿ ತನ್ನ ಒಳಗಿನ ರಚನೆಗಳನ್ನು ಮುಚ್ಚಿತು. ಅಡುಗೆಮನೆಗೇ ನುಗ್ಗಿ ಡಬ್ಬಿ ತೆರೆಯುತ್ತಿದ್ದವರು ಬಾಗಿಲಲ್ಲಿ ನಿಂತು ಕೇಳಬೇಕಾಯಿತು. ಕ್ರಮ ಸರಿಯೇ. ಆದರೆ ನೂರಾರು ತಂತ್ರಾಂಶಗಳ ಕೋಡ್ ತಿದ್ದುವ ಕೆಲಸ ಬಿದ್ದದ್ದು ಬಹುಪಾಲು ಬಿಟ್ಟಿ ದುಡಿಯುವ ಸ್ವಯಂಸೇವಕರ ತಲೆಯ ಮೇಲೆ.

2017ರ ಜೂನ್‌ನಲ್ಲಿ ಬಂದ ಡೆಬಿಯನ್ 9 ನಡುದಾರಿ ಹಿಡಿದು 1.0.2 ಮತ್ತು 1.1 ಎರಡನ್ನೂ ಹೊತ್ತುಕೊಂಡಿತು. ಎರಡೂ ತಮ್ಮ ಪಾಡಿಗೆ ಇದ್ದರೆ ತೊಂದರೆಯಿಲ್ಲ. ಒಂದರ ವಸ್ತು ಇನ್ನೊಂದರ ಕೈಗೆ ಹೋದರೆ ಮಾತ್ರ ತಂತ್ರಾಂಶ ಕುಸಿಯುತ್ತದೆ. ಲಿಬ್‌ಕರ್ಲ್ ಅಂಥ ವಸ್ತುವನ್ನು ಬೇರೆಯವರ ಕೈಗೆ ಕೊಡುತ್ತಿದ್ದುದರಿಂದಲೇ ಹೊಸ ಓಪನ್‌ಎಸ್‌ಎಸ್‌ಎಲ್‌ಗೆ ಹೊರಳುವಾಗ ಅದರ ಪ್ಯಾಕೇಜಿನ ಹೆಸರು ಬದಲಾಯಿತು. ಒಳಗಿನ ಕಡತದ ಹೆಸರು ಹಳೆಯದೇ ಉಳಿಯಿತು. ಆದ್ದರಿಂದ ಜೊತೆಗಿರಲು ಸಾಧ್ಯವಾಗಲಿಲ್ಲ. 2019ರ ಡೆಬಿಯನ್ 10 ಹಳೆಯದನ್ನು ಪೂರ್ತಿ ಕೈಬಿಟ್ಟಿತು. ಎರಡು ವರ್ಷ ಗಡುವು ಕೊಟ್ಟು ಬಾಗಿಲು ಹಾಕಿದ ಈ ರೀತಿಯೇ ಇದ್ದುದರಲ್ಲಿ ಮೇಲು.

ಇದೇ ಉಬುಂಟು 18.04ರ ಮೇಲೆ ಕೇರಳದ 'ಕೈಟ್' ಸಂಸ್ಥೆ ಶಾಲೆಗಳಿಗೆ 2019ರಲ್ಲಿ ತನ್ನ ಗ್ನೂ/ಲಿನಕ್ಸ್ ಸಿದ್ಧಪಡಿಸಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಈ ಪರಂಪರೆಯ ವ್ಯವಸ್ಥೆಯಲ್ಲೇ. ಲಿಬ್‌ಕರ್ಲ್ ಹೆಸರು ಮೇಷ್ಟ್ರಿಗೆ ಗೊತ್ತಿರಬೇಕಾಗಿಲ್ಲ, ನಿಜ. ಆದರೆ ಮೇಲಿನವರ ತೀರ್ಮಾನದ ಫಲ ಬಂದು ಮುಟ್ಟುವುದು ಅವರ ಲ್ಯಾಬಿಗೆ.

2022ರಲ್ಲಿ ಕಥೆ ಮರುಕಳಿಸಿತು. ಉಬುಂಟು 22.04 ಓಪನ್‌ಎಸ್‌ಎಸ್‌ಎಲ್ 3 ಅನ್ನು ಮಾತ್ರ ಇಟ್ಟುಕೊಂಡು 1.1 ಅನ್ನು ಬಿಟ್ಟಿತು. ಹಳೆಯದು ಬೇಕಾದವರು 20.04ರ ಪ್ಯಾಕೇಜನ್ನೇ ಇಳಿಸಿ ಕೈಯಾರೆ ಹಾಕಿಕೊಂಡರು. ಕೆಲಸವೇನೋ ನಡೆಯಿತು. ಆದರೆ ಹೀಗೆ ಹಾಕಿದ ಲೈಬ್ರರಿಗೆ 22.04ರ ಭದ್ರತಾ ತಿದ್ದುಪಡಿ ಬರುವುದಿಲ್ಲ. 2023ರ ಸೆಪ್ಟೆಂಬರ್ 11ಕ್ಕೆ 1.1.1ಕ್ಕೆ ಯೋಜನೆಯ ಉಚಿತ ಬೆಂಬಲವೂ ಮುಗಿಯಿತು. ಅಂದು ಅವಸರಕ್ಕೆ ಹಾಕಿ ಮರೆತುಬಿಟ್ಟ ಗಣಕಗಳಲ್ಲಿ ಬೀಗ ಬಾಗಿಲಲ್ಲೇ ನೇತಾಡುತ್ತಿರುತ್ತದೆ, ಅದು ತುಕ್ಕು ಹಿಡಿದದ್ದು ಮನೆಯವರಿಗೆ ತಿಳಿಯದು.

3.0 ಆವೃತ್ತಿಗೂ ಯೋಜನೆ ಗಡುವು ಗೊತ್ತುಮಾಡಿದೆ: 2026ರ ಸೆಪ್ಟೆಂಬರ್ 7.