ತಮಟೆ ನಮ್ಮದು, ಹಬ್ಬ ಯಾರದು?



ಮಾರಿಹಬ್ಬ ಹತ್ತಿರ ಬಂತು ಅಂದರೆ ನಮ್ಮ ಹಾಸ್ಟೆಲುಗಳಿಗೆ ಊರಿನಿಂದ ಫೋನು ಬರೋಕೆ ಶುರುವಾಗುತ್ತೆ. 'ಮಗಾ, ಈ ಸಲ ತಮಟೆ ಸರದಿ ನಮ್ಮ ಮನೇದು. ನಿಮ್ಮಪ್ಪನಿಗೆ ತೋಳು ಏಳಲ್ಲ. ನೀನು ಬರ್ಲೇಬೇಕು.' ಹುಡುಗ ಫೋನು ಇಟ್ಟು ಸುಮ್ಮನೆ ಕೂತುಬಿಡ್ತಾನೆ. ಪಕ್ಕದವನು ಏನಂತೋ ಅಂದರೆ, ಏನಿಲ್ಲ, ಹಬ್ಬ ಅಂತೆ ಅಂತಾನೆ. ಹೀಗೆ ಒಂದು ಸಲವಾದರೂ ಸುಮ್ಮನೆ ಕೂರದವರು ನಮ್ಮಲ್ಲಿ ಯಾರಿದ್ದೀವಿ?

ಹಬ್ಬ ಅಂದರೆ ಬರೀ ಊಟ, ಹೊಸ ಬಟ್ಟೆ ಅಲ್ಲ. ಹಬ್ಬ ಮೇಷ್ಟ್ರಿಲ್ಲದ ಇಸ್ಕೂಲು. ಅ ಆ ಇ ಈ ಕಲಿಯುವ ಮೊದಲೇ ನಾವು ಎಲ್ಲಿ ನಿಲ್ಲಬೇಕು ಅನ್ನೋದನ್ನ ಅಲ್ಲಿ ಕಲಿತೆವು. ಊರಿನ ಹೆಂಗಸರ ತಂಬಿಟ್ಟಿನ ಆರತಿ ಮುಂದೆ ಹೋಯಿತು. ನಮ್ಮವ್ವಂದಿರ ಆರತಿ ಕಡೆಗೆ ಹೋಯಿತು, ಗುಡಿಯ ಮೆಟ್ಟಿಲಿಗೂ ಮುಟ್ಟದೆ ದೂರದಲ್ಲೇ ನಿಂತಿತು. ಯಾರೂ ನಮ್ಮನ್ನು ಬೈದು ಹೇಳಿಕೊಡಲಿಲ್ಲ. ಅವ್ವನ ಸೆರಗು ಹಿಡಿದು ನಿಂತೇ ಕಲಿತೆವು. ಅದೇ ಹೊತ್ತಿನಲ್ಲಿ ಗೌಡರ ಮನೆಯ ನಮ್ಮ ವಾರಿಗೆಯ ಹುಡುಗ ಗುಡಿಯೊಳಗೆ ಓಡಾಡಿಕೊಂಡಿದ್ದ. ಅವನೂ ಕಲಿತ. ಒಂದೇ ಹಬ್ಬ, ಇಬ್ಬರಿಗೂ ಬೇರೆ ಬೇರೆ ಪಾಠ. 'ನಾನು ಯಾರು' ಅನ್ನೋ ಪ್ರಶ್ನೆಗೆ ಇಬ್ಬರಿಗೂ ಒಂದೇ ದಿನ ಉತ್ತರ ಸಿಕ್ಕಿತು.

ಮಾರಿಯ ಕತೆ ಕೇಳಿದ್ದೀರಿ. ಊರಿಂದೂರಿಗೆ ಕೊಂಚ ಬದಲಾಗುತ್ತೆ, ತಿರುಳು ಒಂದೇ. ನಮ್ಮ ಕೇರಿಯ ಹುಡುಗನೊಬ್ಬ ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದನಂತೆ. ಗುಟ್ಟು ರಟ್ಟಾದಾಗ ಅವಳು ಉರಿದೆದ್ದು ಮಾರಿಯಾದಳಂತೆ. ಅವನು ಕೋಣನಾದನಂತೆ. ಆ ಕೋಣನನ್ನೇ ವರ್ಷವರ್ಷ ಕಡಿಯೋದಂತೆ. ಹಾಗಾದರೆ ಉರುಳಿದ ತಲೆ ಯಾರದು? ಅದು ಉರುಳುವಾಗ ತಮಟೆ ಬಡಿದವರು ಯಾರು? ನಮ್ಮವನನ್ನೇ ಕೊಂದ ಕತೆಗೆ ನಮ್ಮ ಕೈಯಿಂದಲೇ ತಾಳ ಹಾಕಿಸಿದರು. ಪ್ರಾಣಿಬಲಿ ತಡೆಯುವ ಕಾಯಿದೆ ನಮ್ಮ ರಾಜ್ಯದಲ್ಲಿ 1959ರಲ್ಲೇ ಬಂತು. ಎಷ್ಟೋ ಊರಲ್ಲಿ ಕೋಣ ಹೋಗಿ ಕುಂಬಳಕಾಯಿ ಬಂತು. ಕತೆ ಮಾತ್ರ ಹಾಗೇ ಉಳಿಯಿತು.

ಇನ್ನೊಂದು ಕಾಯಿದೆ ನೋಡಿ. ಅಪ್ಪನಿಂದ ಮಗನಿಗೆ ಬರುತ್ತಿದ್ದ ತೋಟಿ, ತಳವಾರ, ನೀರಗಂಟಿ ಇಂಥ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆ ರದ್ದು ಮಾಡಿತು. ಸರ್ಕಾರದ ಪುಸ್ತಕದಲ್ಲಿ ಚಾಕರಿ ಸತ್ತಿತು. ಸತ್ತ ಚಾಕರಿ ವರ್ಷಕ್ಕೊಮ್ಮೆ ಹಬ್ಬದ ಹೆಸರಲ್ಲಿ ಎದ್ದು ಬರುತ್ತೆ. ಕೂಲಿ ಕೇಳಿದರೆ 'ದೇವರ ಕೆಲಸಕ್ಕೂ ಕೂಲಿಯಾ?' ಅಂತಾರೆ. ಬರಲ್ಲ ಅಂದರೆ ನಾಳೆಯಿಂದ ಕೆಲಸಕ್ಕೆ ಕರೆಯಲ್ಲ, ಅಂಗಡಿಯಲ್ಲಿ ಸಾಮಾನು ಕೊಡಲ್ಲ. ಫೋನಿನಲ್ಲಿ ಅಪ್ಪನ ದನಿ ನಡುಗಿದ್ದು ದೇವರ ಭಯಕ್ಕಲ್ಲ, ಈ ಭಯಕ್ಕೆ.

'ಹಿಂದಿನಿಂದ ನಡ್ಕೊಂಡ್ ಬಂದಿದೆ' ಅಂತ ಒಂದು ಮಾತು ಯಾವಾಗಲೂ ತಯಾರಿರುತ್ತೆ. ಎಲ್ಲಿಯ ಹಿಂದಿನಿಂದ? ನಾಡಹಬ್ಬ ಅನ್ನೋ ದಸರಾವನ್ನು ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ್ದು 1610ರಲ್ಲಿ. ಮನೆಯೊಳಗಿದ್ದ ಗಣಪತಿಯನ್ನು ತಿಲಕರು ಪುಣೆಯ ಬೀದಿಯ ಸಾರ್ವಜನಿಕ ಉತ್ಸವ ಮಾಡಹೊರಟದ್ದು 1893ರ ಸುಮಾರಿಗೆ. ರಾಜನಿಗೆ ಬೇಕಾದಾಗ ರಾಜ, ಮುಖಂಡನಿಗೆ ಬೇಕಾದಾಗ ಮುಖಂಡ ಹಬ್ಬ ಕಟ್ಟಿದ. ಹಬ್ಬ ಆಕಾಶದಿಂದ ಬೀಳೋದಿಲ್ಲ. ಮನುಷ್ಯರು ಕಟ್ಟಿದ್ದನ್ನು ಮನುಷ್ಯರು ಬದಲಾಯಿಸಬಹುದು.

ಇದನ್ನು ಬಾಬಾಸಾಹೇಬರಷ್ಟು ಚೆನ್ನಾಗಿ ಅರಿತವರು ಬೇರೆ ಇಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮ ಸ್ವೀಕರಿಸಿದರು. ಅವತ್ತು ವಿಜಯದಶಮಿ. ಅಶೋಕನ ನೆನಪಿನ ದಿನ ಅಂತ ಅದನ್ನೇ ಆರಿಸಿಕೊಂಡರು. ಊರೆಲ್ಲ ಬನ್ನಿ ಹಂಚುವ ದಿನ ನಮ್ಮ ಜನ ಹೊಸ ಹೆಸರು ಪಡೆದರು. ಅದಕ್ಕೂ ಮೊದಲು, 1927ರ ಡಿಸೆಂಬರ್ 25ರಂದು, ಮಹಾಡಿನಲ್ಲಿ ಮನುಸ್ಮೃತಿ ಸುಟ್ಟರು. ಈಗ ಆ ದಿನಗಳೆಲ್ಲ ನಮ್ಮ ಕ್ಯಾಲೆಂಡರಿನಲ್ಲಿವೆ. ಅವರು ನಮಗೆ ಸಂವಿಧಾನ ಮಾತ್ರ ಕೊಡಲಿಲ್ಲ, ತಲೆ ಎತ್ತಿ ಸೇರೋಕೆ ನಮ್ಮದೇ ದಿನಗಳನ್ನೂ ಕೊಟ್ಟರು.

ಹಾಗಂತ ನಾಳೆಯೇ ಊರಿಗೆ ಹೋಗಿ ಅಪ್ಪನ ಕೈಯ ತಮಟೆ ಕಿತ್ತುಕೊಂಡು ಬೆಂಕಿಗೆ ಹಾಕೋಣವೇ? ನಮ್ಮಲ್ಲಿ ಕೆಲವು ಗೆಳೆಯರು ಹೌದು ಅಂತಾರೆ. ನಾವು ಬೇಡ ಅಂತೀವಿ. ಚಂದ್ರಗುತ್ತಿ ನೆನಪಿರಲಿ. 1986ರಲ್ಲಿ ಅಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಜನ ತಿರುಗಿಬಿದ್ದರು. ಆಮೇಲೆ ಸರ್ಕಾರ ನಿಷೇಧಿಸಿತು, ಆ ಹೋರಾಟ ವ್ಯರ್ಥವಾಗಲಿಲ್ಲ. ಆದರೆ ಹಬ್ಬ ನಮ್ಮ ಜನರ ಮನಸ್ಸಿನೊಳಗೆ ಎಷ್ಟು ಆಳ ಇಳಿದಿರುತ್ತೆ ಅನ್ನೋದನ್ನೂ ಅದು ತೋರಿಸಿಕೊಟ್ಟಿತು. ಹರಕೆ ಹೊತ್ತ ತಾಯಿಯನ್ನು ಮೂಢಿ ಅಂತ ಬೈದರೆ ಅವಳು ನಮ್ಮ ಕಡೆ ಬರಲ್ಲ, ಗುಡಿಯ ಕಡೆಗೇ ಹೋಗ್ತಾಳೆ.

ತಮಟೆ ಅವಮಾನ ಅಲ್ಲ. ಹುಲ್ಲುಬೆಂಕಿಗೆ ಚರ್ಮ ಕಾಯಿಸಿ ಅಪ್ಪ ಮೊದಲ ಪೆಟ್ಟು ಹಾಕಿದಾಗ ನಮ್ಮ ಎದೆಯೂ ಎದ್ದು ಕುಣಿಯುತ್ತಲ್ಲ, ಅದು ಸುಳ್ಳಲ್ಲ. ಅವಮಾನ ಇರೋದು ಬಲವಂತದಲ್ಲಿ. ಆದ್ದರಿಂದ ಯಾವುದೇ ಹಬ್ಬಕ್ಕೆ ಮೂರು ಪ್ರಶ್ನೆ ಕೇಳೋಣ. ಬಾರಿಸೋನು 'ಆಗಲ್ಲ' ಅನ್ನಬಹುದಾ? ಬಾರಿಸಿದರೆ ಪೂರ್ತಿ ಕೂಲಿ ಸಿಗುತ್ತಾ? ಬಾರಿಸಿ ಮುಗಿದ ಮೇಲೆ ಎಲ್ಲರ ಜೊತೆ ಒಳಗೆ ಹೋಗಿ, ಒಂದೇ ಪಂಕ್ತಿಯಲ್ಲಿ ಉಣ್ಣಬಹುದಾ? ಮೂರರಲ್ಲಿ ಒಂದಕ್ಕೆ 'ಇಲ್ಲ' ಅಂತ ಬಂದರೂ ಅದು ಹಬ್ಬ ಅಲ್ಲ, ಬಿಟ್ಟಿ ಚಾಕರಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೂ 23ನೇ ವಿಧಿ ಬಿಟ್ಟಿ ದುಡಿಮೆಯನ್ನೂ ನಿಷೇಧಿಸಿವೆ. 1989ರ ದೌರ್ಜನ್ಯ ತಡೆ ಕಾಯಿದೆಯಲ್ಲಿ ಬಿಟ್ಟಿ ದುಡಿಸೋದು ಅಪರಾಧ. 2015ರ ತಿದ್ದುಪಡಿಯ ಮೇಲೆ ಬಹಿಷ್ಕಾರ ಹಾಕೋದೂ, ಹಾಕ್ತೀವಿ ಅಂತ ಬೆದರಿಸೋದೂ ಅಪರಾಧ. ಇದನ್ನು ಪರೀಕ್ಷೆಗೆ ಉರು ಹೊಡೆದರೆ ಸಾಲದು, ಕೇರಿಯ ಜಗಲಿಯಲ್ಲಿ ಕೂತು ಓದಿ ಹೇಳಬೇಕು.

ನಮ್ಮನ್ನೂ ಕೇಳಿಕೊಳ್ಳೋಣ. ನಮ್ಮ ಏಪ್ರಿಲ್ 14 ಹೇಗಿದೆ? ಫೋಟೋಗೆ ಹಾರ, ಕಾಯಿ, ಊದುಬತ್ತಿ. ದೊಡ್ಡ ಧ್ವನಿಯ ಡಿಜೆ. ವೇದಿಕೆ ಮೇಲೆ ಗಂಡಸರು, ಒಲೆ ಮುಂದೆ ಅಕ್ಕಂದಿರು. ಒಂದೇ ಊರಲ್ಲಿ ಬಲಗೈಯವರದೊಂದು ಮೆರವಣಿಗೆ, ಎಡಗೈಯವರದೊಂದು ಮೆರವಣಿಗೆ. ಓದು ಅಂದವರ ಮುಂದೆ ಪುಸ್ತಕ ಇಲ್ಲ, ತೆಂಗಿನಕಾಯಿ ಇದೆ. ಅವರ ಹಬ್ಬ ನಮ್ಮನ್ನು ದೂರ ನಿಲ್ಲಿಸಿತು ಅಂತ ಸಿಟ್ಟಾಗುವ ನಾವು ನಮ್ಮ ಹಬ್ಬದಲ್ಲಿ ನಮ್ಮ ಅಕ್ಕನನ್ನೇ ದೂರ ನಿಲ್ಲಿಸಿದರೆ ನಮ್ಮ ಮಕ್ಕಳು ಅಲ್ಲಿ ಏನು ಕಲೀತಾರೆ?

ಫೋನು ಬಂದ ಗೆಳೆಯನಿಗೆ ಇಷ್ಟು ಹೇಳ್ತೀವಿ. ಊರಿಗೆ ಹೋಗು, ಒಬ್ಬನೇ ಹೋಗಬೇಡ. ರೂಮಿನ ನಾಲ್ಕು ಜನ ಜೊತೆಗೆ ಬರ್ತೀವಿ. ಅಪ್ಪನ ಮೇಲೆ ರೇಗಬೇಡ, ಅವನ ಪಕ್ಕ ಕೂರು. ಹಬ್ಬಕ್ಕೆ ಮೊದಲೇ ಕೇರಿಯವರನ್ನು ಸೇರಿಸು, ಅವ್ವಂದಿರನ್ನು ಮೊದಲು ಕೂರಿಸು, ಆ ಮೂರು ಪ್ರಶ್ನೆ ಮುಂದಿಡು. ಕೇರಿ ಒಂದಾಗಿ 'ಆಗಲ್ಲ' ಅಂದರೆ ಅದು ಒಬ್ಬ ಅಪ್ಪನ ಮೇಲೆ ಬೀಳೋದಿಲ್ಲ. ಈ ವರ್ಷ ಕೇರಿ ಒಪ್ಪದಿದ್ದರೆ ಮುಂದಿನ ವರ್ಷವೂ ಹೋಗಿ ಕೇಳೋಣ.

ಆ ತಮಟೆ ಗೋಡೆಗೆ ನೇತುಬಿದ್ದು ಒಣಗಬಾರದು. ನಮ್ಮ ಮುಂದಿನ ಸಭೆಗೆ ತಗೊಂಡು ಬಾ. ಅಪ್ಪನನ್ನೂ ಕರೆದುಕೊಂಡು ಬಾ. ಅವತ್ತು ಅವನು ತನಗೆ ಇಷ್ಟ ಬಂದಾಗ ಬಾರಿಸಲಿ, ಸಾಕೆನಿಸಿದಾಗ ನಿಲ್ಲಿಸಲಿ, ಆಮೇಲೆ ಎಲ್ಲರ ನಡುವೆ ಕುರ್ಚಿಯಲ್ಲಿ ಕೂರಲಿ.

ಜೈ ಭೀಮ್.