ನೋವಿನ ಗುಳಿಗೆ

ಶಾಲೆಯಲ್ಲಿ ಮಕ್ಕಳು ಅನುಮತಿಯಿಲ್ಲದೆ ಔಷಧವನ್ನು ಇಟ್ಟುಕೊಳ್ಳಕೂಡದೆಂಬ ನಿಯಮವು ಅರ್ಥಹೀನವೇನೂ ಅಲ್ಲ. ಬೆಳಗ್ಗೆ ತಾಯಿ ಎಷ್ಟು ಕೊಟ್ಟಳೆಂಬುದನ್ನು ಅರಿಯದೆ ಮತ್ತೆ ಮತ್ತೆ ಕೊಟ್ಟರೆ ಪ್ಯಾರಾಸಿಟಮಾಲ್ ಕೂಡ ಯಕೃತ್ತಿಗೆ ಮುಳುವಾದೀತು.

ಅಮೆರಿಕದ ಅರಿಜೋನಾ ರಾಜ್ಯದ ಸ್ಯಾಫರ್ಡ್ ಊರಿನ ಶಾಲೆಯಲ್ಲಿಯೂ ಈ ನಿಯಮವಿದ್ದಿತು. ಸಹಪಾಠಿ ಕೊಟ್ಟ ಗುಳಿಗೆ ನುಂಗಿ ಅಲ್ಲಿ ಹುಡುಗನೊಬ್ಬನು ಅಸ್ವಸ್ಥನಾಗಿದ್ದುದೂ ಉಂಟು. 2003ರಲ್ಲಿ ಒಬ್ಬ ಹುಡುಗಿಯ ಬಳಿ 400 ಮಿಲಿಗ್ರಾಂನ ಐಬುಪ್ರೊಫೇನ್ ಗುಳಿಗೆಗಳು ಸಿಕ್ಕಿದವು. ಅವು ಹದಿಮೂರು ವಯಸ್ಸಿನ ಮತ್ತೊಬ್ಬಳಿಂದ ಬಂದುವೆಂದು ಆಕೆ ಹೇಳಿದಳು. ಅಷ್ಟೇ ಸಾಕಾಯಿತು! ಚೀಲವನ್ನು ಶೋಧಿಸಿ ಏನೂ ದೊರೆಯದಿರಲು, ಆ ಬಾಲೆಯನ್ನು ದಾದಿಯ ಕೋಣೆಗೆ ಕಳುಹಿಸಿ ಉಡುಪು ಕಳಚಿಸಿದರು. ಒಳ ಉಡುಪನ್ನೂ ಸಡಿಲಿಸಿ ತೋರಿಸಬೇಕಾಯಿತು. ಗುಳಿಗೆ ಅಲ್ಲಿಯೂ ಇರಲಿಲ್ಲ. ತಾಯಿಗೊಂದು ಮಾತು ಮೊದಲೇ ತಿಳಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ಮಗುವಿನ ಮೈಯನ್ನು ಕಾಯಲು ಹುಟ್ಟಿದ ನಿಯಮವು ಮಾಡಿದ ಕೆಲಸವಿದು.

2009ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಒಂಬತ್ತು ನ್ಯಾಯಾಧೀಶರಲ್ಲಿ ಎಂಟು ಮಂದಿಯ ಬಹುಮತದಿಂದ, ಆ ಶೋಧವನ್ನು ಸಂವಿಧಾನಬಾಹಿರವೆಂದಿತು. ಚೀಲವನ್ನು ನೋಡಿದುದು ತಪ್ಪಲ್ಲ. ಆದರೆ ಗುಳಿಗೆಯಿಂದಾಗುವ ಅಪಾಯವು ಅಲ್ಪ, ಅದು ಒಳ ಉಡುಪಿನಲ್ಲಿದೆಯೆಂದು ಶಂಕಿಸಲು ಕಾರಣವೂ ಇರಲಿಲ್ಲ ಎಂಬುದು ತೀರ್ಪಿನ ತಿರುಳು. ಆದರೂ ಅಂದು ಕಾನೂನು ಸ್ಪಷ್ಟವಾಗಿರಲಿಲ್ಲವೆಂಬ ಕಾರಣದಿಂದ ಶಾಲೆಯ ಅಧಿಕಾರಿಗಳು ವೈಯಕ್ತಿಕ ಹೊಣೆಯಿಂದ ಪಾರಾದರು.