ಹೆಸರಿಲ್ಲದ ಮುಖಗಳು

ಇಸ್ಪೀಟಿನ ಎಲೆಗಿಂತ ತುಸು ಉದ್ದವಾದ ರಟ್ಟು. ಅದರ ಮೇಲೆ ಅಂಟಿಸಿದ, ಕಾಲದಿಂದ ಹಳದಿಗೂಡಿದ ಒಂದು ಭಾವಚಿತ್ರ. ಕಂಬಕ್ಕೆ ಮೊಳಕೈಯೂರಿ ನಿಂತ ಗೃಹಸ್ಥ, ಪರದೆಯ ಪಕ್ಕದಲ್ಲಿ ಕುಳಿತ ಗೃಹಿಣಿ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡು ಬಿಟ್ಟುಹೋಗಿರುವ ಇಂಥ ಭೇಟಿಚೀಟಿಗಳಿಗೆ ಲೆಕ್ಕವಿಲ್ಲ. ಹಿಂದಿನ ಉದ್ಯಾನ ಬಟ್ಟೆಯ ಮೇಲೆ ಬರೆದದ್ದು, ಕಂಬವೂ ಬಹುಮಟ್ಟಿಗೆ ಸೋಗಿನದು, ಮುಖವೊಂದೇ ನಿಜ. ಆ ಮುಖ ಯಾರದೆಂದು ಹೇಳಬಲ್ಲವರು ಮಾತ್ರ ಈಗ ಉಳಿದಿಲ್ಲ.

ಪ್ಯಾರಿಸ್ಸಿನ ಡಿಸ್ಡೇರಿ 1854ರಲ್ಲಿ ಈ ಪದ್ಧತಿಗೆ ಪೇಟೆಂಟು ಪಡೆದನು. ಒಂದೇ ಗಾಜಿನ ಫಲಕದಲ್ಲಿ ಎಂಟರವರೆಗೆ ಚಿತ್ರಗಳನ್ನು ಹಿಡಿದು, ಮೊಟ್ಟೆಯ ಬಿಳಿಯ ಲೋಳೆ ಸವರಿದ ಕಾಗದಕ್ಕಿಳಿಸಿ, ಕತ್ತರಿಸಿ ರಟ್ಟಿಗಂಟಿಸುವುದು, ಉಪಾಯ ಇಷ್ಟೇ. ಬೆಲೆ ಇಳಿಯಿತು. ಸಿರಿವಂತರಿಗಷ್ಟೇ ಮೀಸಲಾಗಿದ್ದ ಭಾವಚಿತ್ರದ ಭಾಗ್ಯ ಅಂಗಡಿಕಾರನಿಗೂ ಒದಗಿತು. 1860ರಲ್ಲಿ ಮೇಯಾಲ್ ರಾಜಮನೆತನದ ಚಿತ್ರಗಳನ್ನು ಪ್ರಕಟಿಸಿದ ಮೇಲಂತೂ, ಸಾಮಾನ್ಯರ ಆಲ್ಬಮ್ಮಿನಲ್ಲಿ ಸೋದರತ್ತೆಯ ಎದುರಿಗೇ ರಾಣಿಯೂ ಬಂದು ಕುಳಿತಳು!

ಆಲ್ಬಮ್ಮೆಂಬುದು ಅಂದಿನ ಸಂಸಾರ ತಾನೇ ರಚಿಸಿಕೊಂಡ ಗ್ರಂಥ. ಯಾರ ಪಕ್ಕದಲ್ಲಿ ಯಾರು, ಮೊದಲ ಪುಟದಲ್ಲಿ ಯಾರು ಎಂಬುದರಲ್ಲಿಯೇ ಅದರ ಅರ್ಥವಿದೆ. ಈಗಿನ ವ್ಯಾಪಾರಿಗಳು ಹೆಚ್ಚಿನ ಹಣದಾಸೆಯಿಂದ ಅದನ್ನು ಬಿಚ್ಚಿ ಒಂದೊಂದೇ ಚೀಟಿಯಾಗಿ ಮಾರುತ್ತಾರೆ. ಸಂಗ್ರಾಹಕನಿಗೆ ಸೊಗಸಾದ ಉಡುಪು ದೊರೆಯುತ್ತದೆ, ಮನುಷ್ಯ ಕಳೆದುಹೋಗುತ್ತಾನೆ. ಇದನ್ನು ಹವ್ಯಾಸವೆಂದು ಕರೆಯಲು ನಮಗೆ ಮನಸ್ಸು ಬಾರದು.

ಹೆಸರು ಉಳಿದರೆ ಏನಾಗುತ್ತದೆಂಬುದಕ್ಕೆ ಲಂಡನ್ನಿನಲ್ಲಿ ನಿದರ್ಶನವಿದೆ. ಅಲ್ಲಿ ಚಿತ್ರಶಾಲೆ ನಡೆಸುತ್ತಿದ್ದ ಫ್ರೆಂಚ್ ಛಾಯಾಗ್ರಾಹಕ ಕಾಮೀಯ್ ಸಿಲ್ವಿ ತನ್ನಲ್ಲಿಗೆ ಬಂದವರ ಚಿತ್ರಗಳನ್ನು ಹೆಸರು, ಕ್ರಮಸಂಖ್ಯೆಗಳೊಡನೆ ದಿನವಹಿಗಳಲ್ಲಿ ಅಂಟಿಸಿಟ್ಟನು. ವ್ಯಾಪಾರದ ಲೆಕ್ಕಕ್ಕಾಗಿ ಇಟ್ಟ ಆ ವಹಿಗಳು ಇಂದು ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿವೆ; ಸುಮಾರು 17,000 ಭಾವಚಿತ್ರಗಳು. 1862ರ ಪುಟಗಳಲ್ಲಿ ಸಾರಾ ಫೋರ್ಬ್ಸ್ ಬೊನೆಟ್ಟಾ ಇದ್ದಾಳೆ: ಪಶ್ಚಿಮ ಆಫ್ರಿಕದಲ್ಲಿ ಹುಟ್ಟಿ, ಬಾಲ್ಯದಲ್ಲಿ ದಹೋಮಿಯ ಅರಸನ ಸೆರೆಯಾಳಾಗಿ, 1850ರಲ್ಲಿ ನೌಕಾಧಿಕಾರಿಯೊಬ್ಬನ ಮೂಲಕ ರಾಣಿಗೆ ‘ಕಾಣಿಕೆ’ಯಾಗಿ ಬಂದ ಹುಡುಗಿ. ಚಿತ್ರದಲ್ಲಿ ಅವಳು ಹೊಸ ಮದುವಣಗಿತ್ತಿ. ವಹಿ ಇಲ್ಲದಿದ್ದರೆ ‘ಅಜ್ಞಾತ ಆಫ್ರಿಕನ್ ಮಹಿಳೆ’ ಎಂಬ ತಲೆಬರಹದಡಿ ಅವಳೂ ಹರಾಜಾಗಬಹುದಿತ್ತು.

ಉಳಿದ ಚೀಟಿಗಳನ್ನು ತಿರುಗಿಸಿ ನೋಡಿದರೆ ಹಲವು ಬಾರಿ ಕಾಣುವುದು ಚಿತ್ರಶಾಲೆಯ ಹೆಸರು, ವಿಳಾಸ. ಅದೃಷ್ಟವಿದ್ದಲ್ಲಿ ಸೀಸದಕಡ್ಡಿಯಲ್ಲಿ ಯಾರೋ ಬರೆದ ಒಂದೆರಡು ಅಕ್ಷರ. ಕೊಳ್ಳುವವರು ಆ ಅಕ್ಷರಗಳನ್ನು ಕೊಳೆಯೆಂದು ಉಜ್ಜದಿರಲಿ. ಯಾವ ಆಲ್ಬಮ್ಮಿನ ಎಷ್ಟನೆಯ ಪುಟದಿಂದ ಬಂದುದೆಂದು ಮಾರುವವನನ್ನು ಕೇಳಿ, ಬೇರೊಂದು ಹಾಳೆಯಲ್ಲಿ ಬರೆದು ಚಿತ್ರದ ಜೊತೆಗಿಡಲಿ.